ಹಳೆಯ ಟ್ರಾಕ್ಟರಿಗೆ ನ್ಯಾಯವಾದ ಕ್ರಯವು ಯಾವದು?

ಒಬ್ಬನು ತನ್ನ ಹಳೆಯ ಟ್ರಾಕ್ಟರನ್ನು ಮಾರುವದಕ್ಕೆ ಒಪ್ಪಿದ್ದಾನೆ, ಮತ್ತೊಬ್ಬನು ಕೊಳ್ಳುವದಕ್ಕೆ ಒಪ್ಪಿದ್ದಾನೆ. ಇನ್ನು ಅನ್ಯಾಯಕ್ಕೆ ಎಡೆಯೆಲ್ಲಿ ಎಂದು ಅನೇಕರು ಕೇಳುತ್ತಾರೆ. ಒಪ್ಪಿಗೆಯಾದ ಕ್ರಯವೆಲ್ಲಾ ನ್ಯಾಯವಾದದ್ದೆಂದು ಅವರ ಅಭಿಪ್ರಾಯ. ಇದನ್ನು ತುಸು ಶೋಧಿಸಿ ನೋಡತಕ್ಕದ್ದು.

ಯಂತ್ರದ ಬೆಲೆಯು ಅದರಲ್ಲಿ ಇನ್ನೂ ಉಳಿದಿರುವ ದುಡಿಮೆಯಲ್ಲಿದೆ. ಎತ್ತಿಗೆ ಹಲ್ಲು ನೋಡುವ ಹಾಗೆ ಟ್ರಾಕ್ಟರಿಗೆ ಗಂಟೆಯ ಮೀಟರನ್ನು ನೋಡುತ್ತೇವೆ; ಆದರೆ ಮೀಟರು ಕೆಟ್ಟು ನಿಂತಿರಬಹುದು, ಬದಲಾಯಿಸಲ್ಪಟ್ಟೂ ಇರಬಹುದು. ಆದದರಿಂದ ತಿಳಿದವರು ಬೆಳಿಗ್ಗೆ, ಇಂಜಿನು ತಣ್ಣಗಿರುವಾಗಲೇ ಹೋಗಿ ತಮ್ಮ ಕಣ್ಣೆದುರಿಗೆ ಚಾಲೂ ಮಾಡಿಸುತ್ತಾರೆ. ನೀಲಿ ಹೊಗೆಯು ನಿಲ್ಲದೆ ಬರುತ್ತಿದ್ದರೆ ಇಂಜಿನು ಆಯಿಲನ್ನು ಸುಡುತ್ತದೆ. ಗೇರಿನ ಆಯಿಲು ಹಾಲಿನಂತೆ ಬೆಳ್ಳಗಾಗಿದ್ದರೆ ಒಳಗೆ ನೀರು ಸೇರಿದೆ. ಗಂಗಾವತಿ, ಸಿಂಧನೂರು ಕಡೆಯ ಭತ್ತದ ಕೆಸರಿನಲ್ಲಿ ದುಡಿದ ಯಂತ್ರಗಳಲ್ಲಿ ಇದನ್ನು ವಿಶೇಷವಾಗಿ ನೋಡಬೇಕು. ಇವುಗಳ ರಿಪೇರಿಯ ಖರ್ಚನ್ನು ಕಳೆದು ಕೇಳುವದು ಜಿಪುಣತನವಲ್ಲ.

ಮಾರುವವನಾದರೋ ತಾನು ಕೊಟ್ಟ ಹಣವನ್ನೇ ಅಳತೆಯಾಗಿ ಹಿಡಿಯುತ್ತಾನೆ. 2025ನೆಯ ಇಸವಿ ಸಪ್ಟೆಂಬರ್ 22ರಿಂದ ಹೊಸ ಟ್ರಾಕ್ಟರಿನ ಮೇಲಣ ಜಿ.ಎಸ್.ಟಿ. ತೆರಿಗೆಯು ನೂರಕ್ಕೆ 12ರಿಂದ 5ಕ್ಕೆ ಇಳಿಯಿತು. ಅದಕ್ಕೆ ಮುಂಚೆ ಕೊಂಡವನು ಹೆಚ್ಚು ತೆತ್ತದ್ದು ನಿಜವೇ; ಆದರೂ ಆ ಹಣವು ಬೊಕ್ಕಸದಲ್ಲಿದೆ, ಯಂತ್ರದಲ್ಲಿಲ್ಲ. ಅದನ್ನು ಕೊಳ್ಳುವವನಿಂದ ವಸೂಲು ಮಾಡುವದು ಸರಿಯಲ್ಲ.

ಇದೇ ನಿಯಮವು ಕೊಳ್ಳುವವನನ್ನೂ ಕಟ್ಟುತ್ತದೆ. ಆರ್.ಸಿ. ಪುಸ್ತಕದಲ್ಲಿ ಬ್ಯಾಂಕಿನ ಸಾಲವು ನಮೂದಾಗಿದ್ದರೆ ಅದನ್ನು ತೀರಿಸಿ, 35ನೆಯ ನಮೂನೆಯಿಂದ ಆ ನಮೂದನ್ನು ತೆಗೆಸಿ, 29 ಮತ್ತು 30ನೆಯ ನಮೂನೆಗಳಿಂದ ಹೆಸರು ಬದಲಾಯಿಸಬೇಕು. ಈ ಓಡಾಟದ ಖರ್ಚನ್ನು ಕಳೆಯಲಿ. ಆದರೆ ಮಾರುವವನ ಮನೆಯಲ್ಲಿ ಮಗಳ ಮದುವೆಯಿದೆ, ಇಲ್ಲವೆ ಆಸ್ಪತ್ರೆಯ ಸಾಲವಿದೆ ಎಂದು ತಿಳಿದು ಕ್ರಯವನ್ನು ಅರ್ಧಕ್ಕಿಳಿಸುವದೇಕೆ? ಅವನ ಮನೆಯ ಸಂಕಟದಿಂದ ಯಂತ್ರದ ದುಡಿಮೆ ಒಂದು ಗಂಟೆಯಾದರೂ ಕಡಿಮೆಯಾಗಲಿಲ್ಲ. ನಾನು ಬಿಟ್ಟರೆ ಇನ್ನೊಬ್ಬನು ಇದಕ್ಕಿಂತಲೂ ಕಡಿಮೆಗೆ ಕೇಳುವನು ಎಂಬವರುಂಟು. ಅದು ಇನ್ನೊಬ್ಬನ ಲೆಕ್ಕ. ನಗದು ಹಣ ಕೊಡುವವನಿಗೆ ಸ್ವಲ್ಪ ರಿಯಾಯಿತಿ ಸಲ್ಲುತ್ತದೆ, ಸ್ವಲ್ಪವೆಂಬದು ಸ್ವಲ್ಪವೇ.

ಇದಕ್ಕಿಂತ ಕಠಿಣವಾದ ಪ್ರಶ್ನೆಯೊಂದಿದೆ. ಇಂಜಿನು ಬಹಳ ಕಾಯುತ್ತದೆ, ಆದದರಿಂದ ಕೆಟ್ಟುಹೋಯಿತೆಂದು ಮಾರುವವನು ನಂಬಿದ್ದಾನೆ. ಕೊಳ್ಳುವವನು ಕೆಲಸ ಬಲ್ಲವನಾಗಿ, ರೇಡಿಯೇಟರಿನಲ್ಲಿ ಹೊಟ್ಟುಧೂಳು ಕಟ್ಟಿಕೊಂಡಿದೆಯಷ್ಟೇ ಎಂದು ಕಾಣುತ್ತಾನೆ. ಅವನು ಬಾಯಿ ಬಿಡಬೇಕೋ? ನನ್ನ ವಿದ್ಯೆಯನ್ನು ನಾನು ಕಷ್ಟಪಟ್ಟು ಕಲಿತೆನು, ಅದರ ಫಲವು ನನ್ನದು ಎಂಬ ಅವನ ವಾದದಲ್ಲಿ ಹುರುಳಿದೆ. ವಿದ್ಯೆಗೆ ಕೂಲಿ ಉಂಟು. ಆದರೆ ರೇಡಿಯೇಟರನ್ನು ತೊಳೆಯುವವನ ಕೂಲಿ ಒಂದು, ಇಂಜಿನನ್ನು ಬಿಚ್ಚಿ ಕಟ್ಟುವ ವೆಚ್ಚ ಮತ್ತೊಂದು. ಇಂಜಿನು ಹೋಯಿತೇ ಎಂದು ಕೇಳಿದವನಿಗೆ ಹೌದೆಂದು ತಲೆಯಾಡಿಸಿದರೆ ಅದು ಸುಳ್ಳೇ. ಕೊಳ್ಳುವಾಗ ಹಳಿದು ಕೊಂಡ ಮೇಲೆ ಕೊಚ್ಚಿಕೊಳ್ಳುವವನ ಚಿತ್ರವು ಜ್ಞಾನೋಕ್ತಿಗಳ 20ನೆಯ ಅಧ್ಯಾಯದಲ್ಲಿ ಆಗಲೇ ಬಿದ್ದಿದೆ. ಅವನು ಕೇಳದಿದ್ದರೂ, ಮುಂಗಡ ಕೊಡುವ ಮುಂಚೆ ಧೂಳಿನ ಸಂಗತಿಯನ್ನು ತಿಳಿಸಿ, ತೊಳೆಯುವ ಕೂಲಿಯನ್ನು ಕಳೆದು ಕ್ರಯವನ್ನು ಹೇಳಲಿ.