ಮೊಲದ ತಪ್ಪೇನು?

ಮನಶ್ಶಾಸ್ತ್ರದ ಮೊದಲ ಪಾಠಗಳಲ್ಲೇ ಆಲ್ಬರ್ಟ್ ಎಂಬ ಹಸುಳೆಯ ಪ್ರಸಂಗ ಬರುತ್ತದೆ. ಅಮೆರಿಕದ ಜಾನ್ ವಾಟ್ಸನ್ ಮತ್ತು ರೊಸಾಲಿ ರೇನರ್ 1920ರಲ್ಲಿ ಪ್ರಕಟಿಸಿದ ಪ್ರಯೋಗವದು. ಮಗು ಬಿಳಿ ಇಲಿಯನ್ನು ಮುಟ್ಟಲು ಹೋದಾಗ ಬೆನ್ನ ಹಿಂದೆ ಕಬ್ಬಿಣಕ್ಕೆ ಸುತ್ತಿಗೆಯಿಂದ ಬಡಿದರು. ಕೆಲವೇ ಸಲಕ್ಕೆ ಅದು ಇಲಿಯನ್ನು ಕಂಡರೇ ಅಳತೊಡಗಿತು. ಆಮೇಲೆ ಮೊಲಕ್ಕೂ ನಾಯಿಗೂ ಹೆದರಿತು. ಸದ್ದು ಮಾಡಿದ್ದು ಸುತ್ತಿಗೆ, ದೂರು ಬಿದ್ದದ್ದು ಮೊಲದ ಮೇಲೆ. ಇದನ್ನು ಅನುಬಂಧನ ಎನ್ನುತ್ತಾರೆ.

ಬಾಡದಿಂದ ಭಟ್ಕಳದವರೆಗಿನ ಕರಾವಳಿಯ ನಮಗೆ ಇದು ಬರೀ ಪುಸ್ತಕದ ಮಾತಲ್ಲ. 1993ರ ಗಲಭೆಯ ನಂತರ ಭಟ್ಕಳದ ಹೆಸರಿಗೇ ಒಂದು ಸದ್ದು ಅಂಟಿಕೊಂಡಿತು. ಆ ವರ್ಷ ಹುಟ್ಟಿರದ ಹುಡುಗ ಇಂದು ದೂರದ ಪೇಟೆಯಲ್ಲಿ ಬಾಡಿಗೆ ಮನೆ ಕೇಳಿ ಊರ ಹೆಸರು ಹೇಳಿದರೆ, ಕೆಲವರ ಮುಖ ಬದಲಾಗುತ್ತದೆ. ಶಾಲಿನ ಬಣ್ಣ ನೋಡಿ ಮನುಷ್ಯನನ್ನು ತೀರ್ಮಾನಿಸುವವರು ನಮ್ಮ ನಡುವೆಯೂ ಇದ್ದಾರೆ.

ಭಯ ಹುಟ್ಟುವುದು ಅಪರಾಧವಲ್ಲ. ಪರೀಕ್ಷಿಸದೆ ಅದನ್ನು ಸಾಕಿಕೊಳ್ಳುವುದಕ್ಕೆ ಮಾತ್ರ ನಾವೇ ಹೊಣೆ. ಕಲಿತದ್ದನ್ನು ಮರೆಯಲೂ ಬರುತ್ತದೆ. 1924ರಲ್ಲಿ ಮೇರಿ ಕವರ್ ಜೋನ್ಸ್ ತಮ್ಮ ಅಂಥ ಪ್ರಯೋಗವನ್ನು ಪ್ರಕಟಿಸಿದರು. ಮೊಲಕ್ಕೆ ಹೆದರುತ್ತಿದ್ದ ಪೀಟರ್ ಎಂಬ ಬಾಲಕ ಇಷ್ಟದ ತಿನಿಸು ತಿನ್ನುವಾಗ, ಮೊಲವನ್ನು ಸ್ವಲ್ಪಸ್ವಲ್ಪವೇ ಹತ್ತಿರ ತಂದರು. ಕೊನೆಗೆ ಅವನೇ ಅದನ್ನು ಮುದ್ದಿಸಿದ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರ ವಿಭಾಗ ಆರಂಭವಾದದ್ದೂ ಅದೇ ವರ್ಷ. ನೂರು ವರ್ಷದ ಪಾಠ ಇನ್ನೂ ನಮ್ಮ ಓಣಿಗಳಿಗೆ ತಲುಪಿಲ್ಲ.

ಅಲ್ಲಿ ಯಾರೂ ಮೊಲದಿಂದ ಸನ್ನಡತೆಯ ಪತ್ರ ಕೇಳಲಿಲ್ಲ. ಚಿಕಿತ್ಸೆ ನಡೆದದ್ದು ಹೆದರಿದವನಿಗೆ. ಮದ್ದು, ಒಂದಿಷ್ಟು ಊಟ ಮತ್ತು ಸಾಮೀಪ್ಯ.