ಆಕಾಶದಲ್ಲಿ ನಮ್ಮ ಪಾಲು

ಕಣಾದಪ್ರಣೀತವಾದ ವೈಶೇಷಿಕ ದರ್ಶನವು ಆಕಾಶವನ್ನು ಏಕವೂ ನಿತ್ಯವೂ ಸರ್ವವ್ಯಾಪಿಯೂ ಆದ ದ್ರವ್ಯವೆಂದು ಗಣಿಸಿ, ಶಬ್ದವು ಅದರ ಗುಣವೆಂದು ಪ್ರತಿಪಾದಿಸುತ್ತದೆ. ಶಬ್ದದ ವಿಷಯದಲ್ಲಿ ಇಂದಿನ ಭೌತಶಾಸ್ತ್ರವು ಇದನ್ನು ಒಪ್ಪದಿದ್ದರೂ, ನುಡಿಯುವವರು ಅನೇಕರಾಗಿ ನುಡಿಗೆ ಎಡೆಗೊಡುವ ಆಕಾಶವು ಒಂದೇ ಆಗಿರುವಲ್ಲಿ ಒಬ್ಬೊಬ್ಬನಿಗೆ ಸಲ್ಲತಕ್ಕ ಪಾಲು ಎಷ್ಟು ಎಂಬ ಪ್ರಶ್ನೆ ಹಳತಾಗಿಲ್ಲ. ಬೆಂಗಳೂರಿನ ಅಪಾರ್ಟ್‌ಮೆಂಟೊಂದರಲ್ಲಿ ಕಂಪ್ಯೂಟರಿನ ಮುಂದೆ ಕುಳಿತು ಆನ್‌ಲೈನ್ ಆಟವಾಡುವ ಹುಡುಗನು ವೈಫೈ ಸ್ಲೋ ಆಯಿತೆಂದು ಪರಿತಪಿಸುವಾಗ, ಅವನ ಅರಿವಿಗೆ ಬಾರದೆಯೇ ಆ ಪ್ರಶ್ನೆ ಅವನೆದುರು ಬಂದು ನಿಂತಿರುತ್ತದೆ.

ಅವನ ಪರಿತಾಪವನ್ನು ಕ್ಷುದ್ರವೆಂದು ತಳ್ಳಿಹಾಕುವುದು ಸರಿಯಲ್ಲ. ಸಿನಿಮಾ ನೋಡುವವನಿಗೆ ಮುಂದಿನ ದೃಶ್ಯಗಳನ್ನು ಮೊದಲೇ ತರಿಸಿಟ್ಟುಕೊಳ್ಳುವ ಸೌಕರ್ಯವುಂಟು. ಆಟಗಾರನಿಗಾದರೋ ಬೇಕಾದದ್ದು ವಿಪುಲತೆಯಲ್ಲ, ಸಕಾಲದ ಪ್ರತ್ಯುತ್ತರ. ಗಾಜಿನ ತಂತುವಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರು ಸಾಗುವುದರಿಂದ, ಮುಂಬಯಿಯ ಸರ್ವರಿಗೆ ಹೋಗಿಬರುವ ದೂರವೊಂದಕ್ಕೇ ತಗಲುವ ಕಾಲ ಅತ್ಯಲ್ಪ. ಹೀಗಿದ್ದೂ ಪರದೆಯ ಮೂಲೆಯಲ್ಲಿ 30 ಮಿಲಿಸೆಕೆಂಡು ಇದ್ದ ಪಿಂಗ್, ಎಂದರೆ ಸಂದೇಶವು ಹೋಗಿಬರುವ ಕಾಲ, ಒಮ್ಮೆಲೇ 200ಕ್ಕೆ ನೆಗೆದು, ಗುರಿಯಿಟ್ಟ ಎದುರಾಳಿಯು ಹಾರಿ ಬೇರೆಡೆ ಕಾಣಿಸಿಕೊಂಡರೆ, ವಿಳಂಬದ ಮೂಲವನ್ನು ಮೊದಲು ಮನೆಯೊಳಗೇ ಅರಸತಕ್ಕದ್ದು.

ಒಂದೇ ಆಕಾಶವನ್ನು ಹಲವು ಉಪಕರಣಗಳು ಹಂಚಿಕೊಳ್ಳುವ ರೀತಿಯಲ್ಲಿಯೇ ಆ ಮೂಲವು ಹಲವೊಮ್ಮೆ ಸಿಗುತ್ತದೆ. 1971ರಲ್ಲಿ ಹವಾಯಿ ವಿಶ್ವವಿದ್ಯಾನಿಲಯದ ನಾರ್ಮನ್ ಅಬ್ರಾಂಸನ್ನರ ತಂಡವು ದ್ವೀಪಗಳ ನಡುವೆ ರೇಡಿಯೋ ಜಾಲವೊಂದನ್ನು ನಡೆಸತೊಡಗಿದಾಗ, ಪ್ರತಿಯೊಂದು ನೆಲೆಯೂ ತನಗೆ ಬೇಕೆನಿಸಿದಾಗ ನುಡಿಯುತ್ತಿತ್ತು. ಇಬ್ಬರ ನುಡಿಗಳು ತಾಗಿ ಕೆಟ್ಟರೆ ಇಬ್ಬರೂ ಸ್ವಲ್ಪ ಕಾಲ ತಡೆದು ಮತ್ತೆ ನುಡಿಯುತ್ತಿದ್ದರು. 1997ರಲ್ಲಿ ಮೊದಲ ಮಾನಕವನ್ನು ಪಡೆದ ವೈಫೈಯ ಶಿಸ್ತು ಇನ್ನೂ ಕಠಿಣವಾದದ್ದು. ಅದು ಮೊದಲು ಆಲಿಸುತ್ತದೆ. ಅನ್ಯರ ನುಡಿ ಕೇಳಿಬಂದರೆ ಮೌನವಹಿಸುತ್ತದೆ. ಮೌನ ಲಭಿಸಿದ ಮೇಲೂ ಅನಿಯತವಾದ ಒಂದು ಕ್ಷಣ ಕಾದ ನಂತರವೇ ಬಾಯಿ ತೆರೆಯುತ್ತದೆ. ಜೈನ ಯತಿಗಳಿಗೆ ವಿಹಿತವಾದ ವಾಗ್ಗುಪ್ತಿಯನ್ನು, ಎಂದರೆ ಮಾತಿನ ನಿಗ್ರಹವನ್ನು, ಬಲ್ಲವರಿಗೆ ಈ ಯಂತ್ರನಿಯಮವು ಅಪರಿಚಿತವೆನಿಸದು. ಮಾತ್ರವಲ್ಲ, 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಪರಸ್ಪರ ತಾಗದಂತೆ ಬಳಸಬಹುದಾದ ಚಾನಲುಗಳು 1, 6, 11 ಎಂಬ ಮೂರೇ ಆದುದರಿಂದ, ಗೋಡೆಯಾಚೆಯ ನೆರೆಮನೆಗಳ ರೌಟರುಗಳೂ ಇದೇ ಸರದಿಯಲ್ಲಿ ನಿಂತಿರುತ್ತವೆ.

ಸರದಿಯ ಈ ಸಮಾನತೆಯಲ್ಲಿಯೇ ನ್ಯಾಯದ ತೊಡಕು ಅಡಗಿದೆ. ದೂರದ ಕೋಣೆಯಲ್ಲಿ ಸಿಗ್ನಲು ಕ್ಷೀಣಿಸಿದ ಫೋನು ತಪ್ಪಿಲ್ಲದೆ ಕೇಳಿಸಬೇಕಾದರೆ ನಿಧಾನವಾಗಿ ನುಡಿಯಬೇಕಾಗಿ, ಅಷ್ಟೇ ಗಾತ್ರದ ಸಂದೇಶಕ್ಕೆ ಆಕಾಶವನ್ನು ಹೆಚ್ಚು ಕಾಲ ಹಿಡಿದಿರುತ್ತದೆ. 11 ಮೆಗಾಬಿಟ್ ವೇಗದ ಉಪಕರಣಗಳ ನಡುವೆ 1 ಮೆಗಾಬಿಟ್ಟಿನದೊಂದು ಸೇರಿದರೆ ಎಲ್ಲವೂ ಅದರ ಮಟ್ಟಕ್ಕೆ ಇಳಿಯುವುದನ್ನು ಫ್ರಾನ್ಸಿನ ಗ್ರೆನೋಬಲಿನ ಸಂಶೋಧಕರು 2003ರಲ್ಲಿ ತೋರಿಸಿದರು. ಹಾಗಾದರೆ ಸಮಾನವಾಗಿ ಹಂಚತಕ್ಕದ್ದು ಸರದಿಯನ್ನೋ, ಕಾಲವನ್ನೋ? ಕಾಲವನ್ನು ಸಮನಾಗಿ ಹಂಚುವ ರೌಟರುಗಳು ಈಗ ಉಂಟು; ಆದರೆ ಅಲ್ಲಿ ಹಿಂದಿನ ಕೋಣೆಯಲ್ಲಿ ಹಳೆಯ ಫೋನು ಹಿಡಿದು ದೂರದೇಶದ ಮೊಮ್ಮಗಳ ಮುಖ ನೋಡುತ್ತಿರುವ ಅಜ್ಜಿಯ ಪಾಲು ಕುಗ್ಗುತ್ತದೆ. ಬಲಹೀನತೆಗೆ ವಿಧಿಸುವ ದಂಡವನ್ನು ನ್ಯಾಯವೆಂದು ಕರೆಯಲು ನನ್ನ ಮನಸ್ಸು ಒಪ್ಪದು.

ಸ್ವಂತ ಹೊಲವುಳ್ಳವನು ತನ್ನ ದನಗಳನ್ನು ಊರ ಗೋಮಾಳಕ್ಕೆ ಅಟ್ಟಬಾರದೆಂಬ ವಿವೇಕವೇ ಇಲ್ಲಿಯೂ ಸಲ್ಲುತ್ತದೆಂದು ನನಗೆ ತೋರುತ್ತದೆ. ಅಜ್ಜಿಯ ಫೋನಿಗೆ ಆಕಾಶವಲ್ಲದೆ ಬೇರೆ ಗತಿಯಿಲ್ಲ. ಮೇಜಿನ ಬಳಿ ಸ್ಥಿರವಾಗಿ ನಿಂತಿರುವ ಕಂಪ್ಯೂಟರಿಗೆ ಕೇಬಲಿನ ದಾರಿಯುಂಟು. 100 ಮೀಟರಿನವರೆಗೆ ಎಳೆಯಬಹುದಾದ ಕ್ಯಾಟ್ 6 ಕೇಬಲೊಂದರಿಂದ ಆ ಹುಡುಗನು ತನ್ನ ಪಿಂಗನ್ನು ಸ್ಥಿರಪಡಿಸಿಕೊಳ್ಳುವುದಲ್ಲದೆ, ಆಕಾಶದಲ್ಲಿದ್ದ ತನ್ನ ಪಾಲನ್ನೂ ಮನೆಯವರಿಗೆ ಬಿಟ್ಟುಕೊಟ್ಟಂತಾಗುತ್ತದೆ. ಸ್ವಹಿತವೂ ಪರಹಿತವೂ ಹೀಗೆ ಒಂದೇ ತಂತಿಯಲ್ಲಿ ಕೂಡಿಬರುವ ಸಂದರ್ಭಗಳು ಲೋಕದಲ್ಲಿ ವಿರಳ. ಬಾಡಿಗೆಯ ಮನೆಯಲ್ಲಿ ಗೋಡೆ ಕೊರೆಯಲಾಗದಿದ್ದರೆ ಚಪ್ಪಟೆ ಕೇಬಲನ್ನು ಬಾಗಿಲ ಸಂದಿನಿಂದ ತರಬಹುದು. ಅದೂ ಸಾಧ್ಯವಾಗದಲ್ಲಿ ರೌಟರನ್ನು ಉಕ್ಕಿನ ಬೀರುವಿನ ಮರೆಯಿಂದ ಈಚೆಗೆ ತಂದಿರಿಸಿ, ಕಂಪ್ಯೂಟರನ್ನು 5 ಗಿಗಾಹರ್ಟ್ಸ್ ಪಟ್ಟಿಗೆ ಸರಿಸುವುದು ಉಚಿತ. ಆದರೆ 2.4ರ ಇಕ್ಕಟ್ಟಿನಲ್ಲಿ ಚಾನಲಿನ ಅಗಲವನ್ನು 20 ಮೆಗಾಹರ್ಟ್ಸ್‌ನಿಂದ 40ಕ್ಕೆ ಹಿಗ್ಗಿಸಿ ನೆರೆಯವರ ಎಡೆಯನ್ನು ಆಕ್ರಮಿಸುವ ಉಪಾಯವನ್ನು, ಅದರಿಂದ ಒಂದಿಷ್ಟು ವೇಗ ದೊರೆಯುವುದೇ ಆದರೂ, ನಾನು ಆ ಹುಡುಗನಿಗೆ ಹೇಳಿಕೊಡಲಾರೆ.