ಕೊಂಬಿನ ಬಿಲ್ಲು, ನೈಲಾನ್ ಹಗ್ಗ

ದಿನಾ ಕೈಗೆತ್ತಿಕೊಳ್ಳುವ ವಸ್ತು ಎಂಥದಿರಬೇಕು? ಆರೈಕೆ ಬೇಡುವಂಥದೋ, ಮರೆತುಬಿಟ್ಟರೂ ಕೆಡದಂಥದೋ? ಕೊರಿಯಾದ ಸಾಂಪ್ರದಾಯಿಕ ಬಿಲ್ಲೊಂದನ್ನು ತರಿಸಬೇಕು ಅಂತ ಹೊರಟಾಗಿನಿಂದ ಈ ಪ್ರಶ್ನೆ ನನ್ನ ಬೆನ್ನು ಬಿಟ್ಟಿಲ್ಲ. (ಸಿಂದಗಿಯವನಿಗೆ ಕೊರಿಯಾದ ಬಿಲ್ಲು ಯಾಕೆ ಅಂತ ಕೇಳಬೇಡಿ. ಕೆಲವರಿಗೆ ಅಲ್ಲಿಯ ಸೀರಿಯಲ್ ಹುಚ್ಚು, ನನಗೆ ಇದು.)

ಅಸಲಿ ಕೊರಿಯನ್ ಬಿಲ್ಲಿನ ಹೆಸರು ಗಕ್‌ಗುಂಗ್, ಅಂದ್ರೆ ಕೊಂಬಿನ ಬಿಲ್ಲು. ನಡುವೆ ಬಿದಿರು, ಹೊಡೆಯುವವನ ಕಡೆ ಎಮ್ಮೆಯ ಕೊಂಬು, ಹೊರಗಡೆ ದನದ ಸ್ನಾಯುವಿನ ನಾರು, ತುದಿಗೆ ಹಿಪ್ಪುನೇರಳೆ ಕಟ್ಟಿಗೆ. ಎಲ್ಲವನ್ನೂ ಹಿಡಿದಿಡೋದು ಮೀನಿನ ಗಾಳಿಚೀಲದ ಅಂಟು. ಈ ಅಂಟಿಗೆ ತೇವ ಆಗಿಬರೋದಿಲ್ಲ. ಅದಕ್ಕೇ ಬಿಲ್ಲನ್ನು ಬೆಚ್ಚಗಿನ ಪೆಟ್ಟಿಗೆಯಲ್ಲಿಡಬೇಕು, ಹೊಡೆಯುವ ಮುಂಚೆ ಕಾಯಿಸಿ, ಬಾಗು ತಿದ್ದಿ, ಆಮೇಲೆ ಹೆದೆ ಏರಿಸಬೇಕು. ಇನ್ನೊಂದು ಬಿಲ್ಲು ಅದೇ ಆಕಾರದ್ದು, ಆದರೆ ಫೈಬರ್‌ಗ್ಲಾಸ್, ಕಾರ್ಬನ್ ಪದರಗಳದ್ದು. ಅಲ್ಲಿಯವರೂ ದಿನದ ಅಭ್ಯಾಸಕ್ಕೆ ಹೆಚ್ಚಾಗಿ ಬಳಸೋದು ಇದನ್ನೇ. ಎರಡಕ್ಕೂ ಗುರಿ 145 ಮೀಟರ್ ದೂರ. ತೊಗರಿ ಕಟಾವಾದ ಮೇಲೆ ನಮ್ಮ ಎರೆಹೊಲದಲ್ಲಿ ಅಷ್ಟು ಜಾಗಕ್ಕೇನೂ ಬರವಿಲ್ಲ.

ಈ ತಕರಾರು ನಮ್ಮ ದೇಶಕ್ಕೂ ಹಳೆಯದು. ಕೊಂಬು, ಸ್ನಾಯುಗಳ ಬಿಲ್ಲು ಇಲ್ಲಿಯ ಸೈನ್ಯಗಳಲ್ಲೂ ಇತ್ತು. ನಮ್ಮ ಹವಾಮಾನಕ್ಕೆ ಅದು ಕೆಡುತ್ತೆ ಅಂತ ಪೂರಾ ಉಕ್ಕಿನ ಬಿಲ್ಲುಗಳನ್ನೂ ಮಾಡಿಸಿದರು. ವರ್ಷಗಟ್ಟಲೆ ಆಯುಧಶಾಲೆಯಲ್ಲಿ ಬಿದ್ದಿದ್ದರೂ ಏನೂ ಆಗದು. ಆದರೆ ಬಾಣ ಮಾತ್ರ ಕೊಂಬಿನ ಬಿಲ್ಲಿನಷ್ಟು ಚುರುಕಾಗಿ ಹಾರದು.

ಹಾಗಂತ ಕಾರ್ಬನ್ ಬಿಲ್ಲಿಗೆ ಚಿಂತೆಯೇ ಇಲ್ಲ ಅಂದುಕೊಳ್ಳಬೇಡಿ. ಇಂಡಿಯ ಮೇ ಬಿಸಿಲಲ್ಲಿ, ಕಿಟಕಿ ಮುಚ್ಚಿದ ಕಾರಿನೊಳಗೆ ಬಿಟ್ಟು ಬನ್ನಿ, ಪದರ ಬಿಚ್ಚಿಕೊಂಡೀತು. ಬಾಣವಿಲ್ಲದೆ ಹೆದೆ ಎಳೆದು ಬಿಟ್ಟರೆ ಒಡೆದೀತು. ಮತ್ತೆ, ಜಿಮ್ಮಿನ ಹುಮ್ಮಸ್ಸಿನಲ್ಲಿ ಐವತ್ತು ಪೌಂಡಿನದು ತರಿಸಿದರೆ ಬಿಲ್ಲು ಬಾಳುತ್ತೆ, ಭುಜ ಬಾಳೋದಿಲ್ಲ. ನಾನು ಮೂವತ್ತೈದಕ್ಕೆ ನಿಂತೆ.

ಇಷ್ಟಾದರೂ ಮನಸ್ಸು ಕೊರೀತಿತ್ತು. ಕೆಡದ ವಸ್ತುವನ್ನೇ ಎಲ್ಲರೂ ಕೊಂಡರೆ, ಕೆಡುವುದನ್ನು ಮಾಡಬಲ್ಲ ಕೈಗಳು ಏನಾಗಬೇಕು? ಬಸವನ ಬಾಗೇವಾಡಿಯ ನಮ್ಮ ಕಾಕಾ ಮನೆಯಲ್ಲಿ ಬಾವಿಗೆ, ಬಂಡಿಗೆ ನೈಲಾನ್ ಹಗ್ಗ. ಎತ್ತಿನ ಕೊರಳಿಗೆ ಮಾತ್ರ ಪುಂಡಿ ನಾರಿನದೇ, ಪ್ರತಿ ಕಾರಹುಣ್ಣಿಮೆಗೆ ಹೊಸದು. "ನೈಲಾನ್ ಹರಿಯೂದಿಲ್ಲ ಖರೆ ತಮ್ಮಾ, ಎತ್ತಿನ ಕೊರಳು ಹರೀತದ" ಅಂತಾರೆ. ಹಗ್ಗ ಹೊಸೆಯುವುದನ್ನೇ ಕಾಯಕ ಮಾಡಿಕೊಂಡಿದ್ದ ಶರಣ ನುಲಿಯ ಚಂದಯ್ಯನ ಊರು ಶಿವಣಗಿ ಇದೇ ಜಿಲ್ಲೆಯಲ್ಲಿದೆ. ಈಗ ಅಂಗಡಿಗೆ ಹೋದರೆ ಕೈಗೆ ಬರೋದು ನೀಲಿ ನೈಲಾನೇ.

ಕೊರಿಯಾದವರು ಬಿಲ್ಲು-ಬಾಣ ಮಾಡುವ ಕಸುಬನ್ನು 1971ರಲ್ಲೇ ರಾಷ್ಟ್ರೀಯ ಪರಂಪರೆಯ ಪಟ್ಟಿಗೆ ಸೇರಿಸಿದರು. ಆದರೆ ಪಟ್ಟಿಯಿಂದ ಹೊಟ್ಟೆ ತುಂಬೋದಿಲ್ಲ. ನನಗೆ ಹಿಡಿಸಿದ್ದು ಅವರ ಇನ್ನೊಂದು ನಿಯಮ: ಐದನೇ ದರ್ಜೆಯಿಂದ ಮೇಲಿನ ಪರೀಕ್ಷೆಗೆ ಕೊಂಬಿನ ಬಿಲ್ಲು, ಬಿದಿರಿನ ಬಾಣವೇ ಬೇಕು. ಕಲಿಯುವವನ ಒರಟುತನವನ್ನೆಲ್ಲ ಕಾರ್ಬನ್ ತಡೆದುಕೊಳ್ಳಲಿ, ಕೈ ಪಳಗಿದವನು ಕಸುಬುದಾರನ ಮನೆಗೆ ಹೋಗಲಿ ಅನ್ನೋ ಲೆಕ್ಕ ಇದ್ದೀತು. ಕಾಕಾ ಮಾಡ್ತಿರೋದೂ ಹೆಚ್ಚುಕಡಿಮೆ ಇದನ್ನೇ, ಯಾವ ನಿಯಮವೂ ಇಲ್ಲದೆ. ಸೂಕ್ಷ್ಮ ಇರುವ ಕಡೆ ಹೆಚ್ಚು ರೊಕ್ಕ, ಹೆಚ್ಚು ಕಾಳಜಿ. ಉಳಿದ ಕಡೆ ನೈಲಾನ್.

ಹಾಗಾಗಿ ಕಾರ್ಬನ್ನಿನದಕ್ಕೇ ಆರ್ಡರ್ ಹಾಕಿದೆ. ಕೊಂಬಿನದು ಬೇಕೆನ್ನುವಷ್ಟು ಕೈ ಪಳಗಲು ವರ್ಷಗಳೇ ಬೇಕು. ಅಲ್ಲೀತನಕ ಅದನ್ನು ಮಾಡುವವರು ಉಳಿದಿರ್ತಾರೆ ಅಂತ ನಾನು ನಂಬಿದ್ದೇನೆ, ಅದೂ ಇನ್ನೊಬ್ಬರು ಕೊಳ್ಳುತ್ತಾರೆ ಅನ್ನೋ ಧೈರ್ಯದ ಮೇಲೆ. ಕಾಕಾಗೆ ಫೋನಿನಲ್ಲಿ ಇದನ್ನೇ ಹೇಳಿದೆ. ಅವರು ಬಿಲ್ಲಿನ ಸುದ್ದಿಗೇ ಬರಲಿಲ್ಲ. "ಮುದ್ದೇಬಿಹಾಳ ಸಂತ್ಯಾಗ ಈ ಸಲ ಪುಂಡಿ ಹಗ್ಗದವ ಬಂದೇ ಇಲ್ಲೋ" ಅಂದರು.